ಕೊಂಡಿಗೆ ಬೆಲೆ ಕಟ್ಟಿದ ಕಥೆ

ಕಳೆದ ದೀಪಾವಳಿಯ ಪಾಡ್ಯ ಕಳೆದ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಳನೆಯ ಇಯತ್ತೆಯಲ್ಲಿ ನನ್ನ ಬಳಿ ಇತಿಹಾಸ ಓದಿದವನು, ನೇಕಾರರ ಮನೆತನದವನು. ಈಗ ತನ್ನ ಓಣಿಯ ಹತ್ತಾರು ಕೈಮಗ್ಗಗಳಿಂದ ಇಳಕಲ್ ಸೀರೆಗಳನ್ನು ಕೊಂಡು ಅಂತರ್ಜಾಲದ ಮೂಲಕ ಮಾರುವ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾನೆ. ಚಹಾ ಕುಡಿದು, ಊರಿನ ಸುದ್ದಿಗಳೆಲ್ಲ ಮುಗಿದ ಮೇಲೆ, ಅಳುಕುತ್ತಲೇ ವಿಷಯಕ್ಕೆ ಬಂದ.

"ಸರ್, ಗೂಗಲ್‌ನ್ಯಾಗ ಇಳಕಲ್ ಸೀರಿ ಅಂತ ಹುಡುಕಿದ್ರ ನಮ್ಮ ಅಂಗಡಿ ಎಲ್ಲೋ ಆರನೇ ಪುಟದಾಗ ಬರ್ತದ್ರಿ. ಒಂದು ಕಂಪನಿಯವರು ಹದಿನೈದು ಸಾವಿರ ಕೊಟ್ರ ಐದ್ನೂರು ಬ್ಯಾಕ್‌ಲಿಂಕ್ ಹಾಕಿಸಿ ಮೊದಲನೇ ಪುಟಕ್ಕ ತರ್ತೀವಿ ಅಂತಾರ. ಕೊಡ್ಲೇನ್ರಿ?"

ಹದಿನೈದು ಸಾವಿರ ಅವನಿಗೆ ಸಣ್ಣ ಮೊತ್ತವಲ್ಲ. ಅದು ಎರಡು ಮಗ್ಗದವರಿಗೆ ಮುಂಗಡವಾಗಿ ಕೊಡಲೆಂದು ತೆಗೆದಿಟ್ಟ ಹಣವೆಂದು ಅವನೇ ಹೇಳಿದ. ನಾನು ವ್ಯಾಪಾರ ಬಲ್ಲವನಲ್ಲ. ಆದರೆ ಯಾವುದೇ ವಸ್ತುವಿನ ಬೆಲೆ ತಿಳಿಯಬೇಕಾದರೆ ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿಯಬೇಕು ಎಂದು ತರಗತಿಯಲ್ಲಿ ಹೇಳುತ್ತಿದ್ದವನು ನಾನೇ. "ಎಂಟು ದಿನ ತಡಿಯಪ್ಪಾ, ಓದಿ ಹೇಳ್ತೀನಿ" ಎಂದು ಅವನನ್ನು ಕಳುಹಿಸಿದೆ. ಆ ಎಂಟು ದಿನಗಳ ಓದಿನ ಫಲ ಈ ಲೇಖನ. ಅವನಂತೆಯೇ ಸಣ್ಣ ಅಂಗಡಿ ಇಟ್ಟುಕೊಂಡಿರುವ ಬೇರೆ ಓದುಗರಿಗೂ ಇದರಿಂದ ಉಪಯೋಗವಾದೀತು.

ಒಂದು ಜಾಲಪುಟದಿಂದ ಇನ್ನೊಂದು ಪುಟಕ್ಕೆ ದಾರಿ ತೋರುವ ಅಕ್ಷರಗಳನ್ನು ನಾವು ಕನ್ನಡದಲ್ಲಿ ಕೊಂಡಿ ಎನ್ನುತ್ತೇವೆ. ಬೇರೆಯವರು ತಮ್ಮ ಪುಟದಿಂದ ನಮ್ಮ ಪುಟಕ್ಕೆ ಹಾಕಿದ ಕೊಂಡಿಗೆ ಬ್ಯಾಕ್‌ಲಿಂಕ್ ಎಂದು ಹೆಸರು. ಅಂಥ ಕೊಂಡಿಯನ್ನು ಶೋಧಯಂತ್ರವು ನಮ್ಮ ಪರವಾಗಿ ನುಡಿದ ಸಾಕ್ಷಿಯೆಂದು ಎಣಿಸುತ್ತದೆ. ಸಾಕ್ಷಿಗಳು ಹೆಚ್ಚಿದಷ್ಟೂ, ಸಾಕ್ಷಿ ಹೇಳಿದವರು ಗಣ್ಯರಾದಷ್ಟೂ, ನಮ್ಮ ಪುಟ ಹುಡುಕಾಟದ ಪಟ್ಟಿಯಲ್ಲಿ ಮೇಲೇರುತ್ತದೆ. ಈ ವಿಚಾರ ಗಣಕಯಂತ್ರಗಳ ಕಾಲದಲ್ಲಿ ಹುಟ್ಟಿತೆಂದು ನಾನು ಭಾವಿಸಿದ್ದೆ. ಓದುತ್ತ ಹೋದಂತೆ ಅದರ ಬೇರು ವಕೀಲರ ಪುಸ್ತಕದ ಕಪಾಟಿನಲ್ಲಿ ಸಿಕ್ಕಿತು.

೧೮೭೩ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬ ಕಾನೂನು ಪುಸ್ತಕಗಳ ಮಾರಾಟಗಾರನೊಬ್ಬನಿದ್ದ. ಹಳೆಯ ತೀರ್ಪೊಂದನ್ನು ಆಧಾರವಾಗಿ ತೋರಿಸುವ ಮೊದಲು ಅದನ್ನು ಮುಂದಿನ ನ್ಯಾಯಾಲಯಗಳು ಒಪ್ಪಿದವೋ ತಳ್ಳಿಹಾಕಿದವೋ ಎಂಬುದನ್ನು ವಕೀಲರು ತಿಳಿದಿರಬೇಕಾಗುತ್ತದೆ. ಇದಕ್ಕಾಗಿ ಅವರು ತಮ್ಮ ಪುಸ್ತಕಗಳ ಅಂಚಿನಲ್ಲಿ ಕೈಬರಹದ ಟಿಪ್ಪಣಿಗಳನ್ನು ಮಾಡಿಕೊಳ್ಳುತ್ತಿದ್ದರು. ಶೆಪರ್ಡ್ ಆ ಟಿಪ್ಪಣಿಗಳನ್ನೇ ಅಂಟು ಹಚ್ಚಿದ ಕಾಗದದ ಮೇಲೆ ಮುದ್ರಿಸಿ ಮಾರತೊಡಗಿದ. ಯಾವ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿ ಅದು. ಉಲ್ಲೇಖಿಸಿದ ನ್ಯಾಯಾಲಯ ಹಳೆಯ ತೀರ್ಪನ್ನು ಎತ್ತಿಹಿಡಿಯಿತೇ, ರದ್ದುಗೊಳಿಸಿತೇ ಎಂಬುದಕ್ಕೆ ಒಂದೊಂದು ಸಂಕೇತಾಕ್ಷರವೂ ಇರುತ್ತಿತ್ತು. ಓದುಗರು ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಎಂಬತ್ತು ವರ್ಷಗಳ ನಂತರ ಈ ಉಪಾಯ ವಿಜ್ಞಾನದ ಅಂಗಳಕ್ಕೆ ಬಂತು. ಶೆಪರ್ಡ್ ಸಂಸ್ಥೆಯ ನಿವೃತ್ತ ಉಪಾಧ್ಯಕ್ಷ ವಿಲಿಯಂ ಅಡೇರ್ ಎಂಬವರು ೧೯೫೩ರಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬ ತರುಣನಿಗೆ ಪತ್ರ ಬರೆದು ತಮ್ಮ ಪದ್ಧತಿಯನ್ನು ಪರಿಚಯಿಸಿದರು. ಗಾರ್ಫೀಲ್ಡ್ ೧೯೫೫ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿ, ವಿಜ್ಞಾನದ ಪ್ರಬಂಧಗಳಿಗೂ ಇಂಥದೇ ಸೂಚಿ ಬೇಕೆಂದು ವಾದಿಸಿದರು. ಮುಂದೆ ಫಿಲಡೆಲ್ಫಿಯಾದಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ೧೯೬೦ರ ದಶಕದ ಮೊದಲರ್ಧದಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಎಂಬ ಹೊತ್ತಗೆಗಳನ್ನು ಹೊರತಂದರು. ಒಂದು ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಎಣಿಕೆಯಿಂದ ಅದರ ಪ್ರಭಾವವನ್ನು ಅಳೆಯುವ ರೂಢಿ ಅಲ್ಲಿಂದ ಬಲಗೊಂಡಿತು.

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ೧೯೯೬ರ ಸುಮಾರಿಗೆ ಸಂಶೋಧಕರಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗಿ ಬ್ರಿನ್ ಈ ಉಲ್ಲೇಖದ ತತ್ತ್ವವನ್ನೇ ಅಂತರ್ಜಾಲಕ್ಕೆ ಅನ್ವಯಿಸಿದರು. ಅವರ ಮೊದಲ ಪ್ರಯೋಗದ ಹೆಸರೇ 'ಬ್ಯಾಕ್‌ರಬ್'. ಅಂದಿನ ಶೋಧಯಂತ್ರಗಳು ಮುಖ್ಯವಾಗಿ ಪುಟದೊಳಗಿನ ಪದಗಳನ್ನು ನೋಡುತ್ತಿದ್ದವು. ಹೀಗಾಗಿ ತನ್ನ ಪುಟದಲ್ಲಿ 'ಸೀರೆ, ಸೀರೆ, ಸೀರೆ' ಎಂದು ನೂರು ಸಲ ಬರೆದವನೇ ದೊಡ್ಡ ಸೀರೆ ವ್ಯಾಪಾರಿಯಾಗಿಬಿಡಬಹುದಿತ್ತು. ೧೯೯೭ರ ನವೆಂಬರ್‌ನಲ್ಲಿ ಅಗ್ರಗಣ್ಯವಾದ ನಾಲ್ಕು ಶೋಧಯಂತ್ರಗಳ ಪೈಕಿ ತನ್ನ ಹೆಸರನ್ನು ತಾನೇ ಹುಡುಕಿದರೆ ಮೊದಲ ಹತ್ತರಲ್ಲಿ ತನ್ನನ್ನು ತೋರಿಸಿಕೊಳ್ಳಬಲ್ಲದ್ದು ಒಂದೇ ಎಂದು ಅವರ ೧೯೯೮ರ ಪ್ರಬಂಧ ಹೇಳುತ್ತದೆ. ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಇತರರು ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚು ತೂಕ ಕೊಡಬೇಕು ಎಂಬುದು ಅವರ ನಿಲುವು. ಈ ಲೆಕ್ಕಕ್ಕೆ 'ಪೇಜ್‌ರ್‍ಯಾಂಕ್' ಎಂದು ಹೆಸರಾಯಿತು. ೧೯೯೮ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕಂಪನಿ ಸ್ಥಾಪನೆಯಾಯಿತು.

ಈ ಲೆಕ್ಕದ ಸೂಕ್ಷ್ಮವನ್ನು ನನ್ನ ಅನುಭವದಿಂದಲೇ ವಿವರಿಸುತ್ತೇನೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಊರು ಬಿಡುವ ಪ್ರತಿಯೊಬ್ಬ ಹುಡುಗನಿಗೂ 'ನಡತೆ ಉತ್ತಮ' ಎಂದು ಪ್ರಮಾಣಪತ್ರ ಬರೆದುಕೊಡುವ ಪದ್ಧತಿಯಿತ್ತು. ಎಲ್ಲರಿಗೂ ಒಂದೇ ಮಾತು ಬರೆದುಕೊಟ್ಟಿದ್ದರಿಂದ ಆ ಪತ್ರವನ್ನು ಯಾರೂ ಲಕ್ಷಿಸುತ್ತಿರಲಿಲ್ಲ. ಅದೇ ಶಾಲೆಯ ಹಿರಿಯ ಗಣಿತ ಶಿಕ್ಷಕರು ವರ್ಷಕ್ಕೆ ಒಬ್ಬನ ಬಗ್ಗೆ ಮಾತ್ರ, ಅದೂ ಎರಡೇ ಸಾಲು ಬರೆಯುತ್ತಿದ್ದರು. ಆ ಎರಡು ಸಾಲಿಗೆ ಕಾಲೇಜಿನಲ್ಲಿ ಬಾಗಿಲು ತೆರೆಯುತ್ತಿತ್ತು. ಪೇಜ್‌ರ್‍ಯಾಂಕ್ ಮಾಡಿದ್ದೂ ಇದನ್ನೇ. ಗೌರವವುಳ್ಳ ಪುಟದ ಕೊಂಡಿಗೆ ಹೆಚ್ಚು ತೂಕ. ಒಂದೇ ಪುಟ ನೂರು ಕಡೆ ಕೈತೋರಿಸಿದರೆ ಅದರ ತೂಕ ನೂರು ಪಾಲಾಗುತ್ತದೆ.

ಅದೇ ೧೯೯೮ರಲ್ಲಿ ಪೇಜ್ ಮತ್ತು ಬ್ರಿನ್ ಅವರು ರಾಜೀವ್ ಮೋಟ್ವಾನಿ ಮತ್ತು ಟೆರ್ರಿ ವಿನೋಗ್ರಾಡ್ ಅವರೊಡನೆ ಸೇರಿ ಇನ್ನೊಂದು ವರದಿ ಬರೆದರು. ಅದರಲ್ಲಿ ವ್ಯಾಪಾರಿಗಳು ಈ ಲೆಕ್ಕವನ್ನು ಕೆಡಿಸಬಹುದೇ ಎಂಬ ಪ್ರಶ್ನೆಯನ್ನು ಅವರೇ ಎತ್ತಿಕೊಂಡಿದ್ದಾರೆ. ಮೇಲಿನ ಸ್ಥಾನ ಪಡೆಯಬೇಕಾದರೆ ಒಂದು ಗಣ್ಯ ಪುಟವನ್ನೋ ಅನೇಕ ಸಾಮಾನ್ಯ ಪುಟಗಳನ್ನೋ ಒಪ್ಪಿಸಬೇಕಾಗುತ್ತದೆ. ಬಹಳವೆಂದರೆ ಯಾರಾದರೂ ಕೊಂಡಿಗಳನ್ನು ಹಣಕ್ಕೆ ಕೊಳ್ಳಬಹುದು, ಆದರೆ ಅದಕ್ಕೆ ಖರ್ಚು ತಗಲುವುದರಿಂದ ಅದು ಹತೋಟಿಯಲ್ಲಿರುತ್ತದೆ ಎಂದು ಅವರು ಸಮಾಧಾನ ಹೇಳಿಕೊಂಡರು. ಸಾಕ್ಷಿ ಹಣಕ್ಕೆ ಸಿಕ್ಕೀತು, ಆದರೆ ದುಬಾರಿಯಾದ್ದರಿಂದ ಯಾರೂ ಕೊಳ್ಳಲಾರರು ಎಂಬ ಈ ನಂಬಿಕೆ ನ್ಯಾಯಾಲಯದ ಕಟ್ಟೆ ಹತ್ತಿದ ನಮ್ಮ ಹಳ್ಳಿಯ ಯಾವ ರೈತನಿಗೂ ನಗು ತರಿಸೀತು. ಮುಂದಿನ ಇಪ್ಪತ್ತು ವರ್ಷಗಳ ಇತಿಹಾಸವೆಲ್ಲ ಆ ನಂಬಿಕೆ ಸುಳ್ಳಾದ ಕಥೆಯೇ.

೨೦೦೦ದ ಡಿಸೆಂಬರ್‌ನಲ್ಲಿ ಗೂಗಲ್ ತನ್ನ 'ಟೂಲ್‌ಬಾರ್' ಬಿಡುಗಡೆ ಮಾಡಿತು. ಯಾವ ಪುಟದ ಮಾನ ಎಷ್ಟು ಎಂಬುದನ್ನು ಅದು ಹಸಿರು ಪಟ್ಟಿಯೊಂದರ ಮೂಲಕ, ಹತ್ತಕ್ಕೆ ಇಷ್ಟು ಎಂದು ತೋರಿಸುತ್ತಿತ್ತು. ತಕ್ಕಡಿ ಸಿಕ್ಕಮೇಲೆ ಸಂತೆ ನೆರೆಯಲು ತಡವೇಕೆ? ಆರು ಅಂಕದ ಪುಟದಿಂದ ಕೊಂಡಿಗೆ ಇಷ್ಟು, ಏಳು ಅಂಕದ್ದಕ್ಕೆ ಇಷ್ಟು ಎಂದು ದರ ನಿಗದಿಯಾಯಿತು. ೨೦೦೨ರಲ್ಲಿ ಒಕ್ಲಹಾಮದ 'ಸರ್ಚ್‌ಕಿಂಗ್' ಎಂಬ ಸಂಸ್ಥೆ ಇಂಥ ವ್ಯಾಪಾರಕ್ಕಿಳಿದಾಗ ಗೂಗಲ್ ಅದರ ಅಂಕಗಳನ್ನು ಇಳಿಸಿತು. ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಅಂಕ ನೀಡುವುದು ಗೂಗಲ್‌ನ ಅಭಿಪ್ರಾಯ; ಅಭಿಪ್ರಾಯ ಹೇಳುವ ಸ್ವಾತಂತ್ರ್ಯಕ್ಕೆ ಅಮೆರಿಕದ ಸಂವಿಧಾನದ ರಕ್ಷಣೆಯಿದೆ ಎಂದು ೨೦೦೩ರ ಮೇ ತಿಂಗಳಿನಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಸಂತೆ ಮಾತ್ರ ನಿಲ್ಲಲಿಲ್ಲ. ಆ ಹಸಿರು ಪಟ್ಟಿ ಸಾರ್ವಜನಿಕರ ಕಣ್ಣಿನಿಂದ ಮರೆಯಾದದ್ದು ೨೦೧೬ರಲ್ಲಿ.

ಇನ್ನು ಶೆಪರ್ಡ್‌ನ ಸಂಕೇತಾಕ್ಷರಗಳ ಮಾತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 'ಡೆಕೋರ್‌ಮೈಐಸ್' ಎಂಬ ಹೆಸರಿನ ಕನ್ನಡಕದ ಆನ್‌ಲೈನ್ ಅಂಗಡಿಯೊಂದಿತ್ತು. ಅದರ ಮಾಲೀಕ ಗ್ರಾಹಕರನ್ನು ಬೈದು ಬೆದರಿಸುತ್ತಿದ್ದ. ನೊಂದವರು ಅಂತರ್ಜಾಲದಲ್ಲಿ ದೂರು ಬರೆದಷ್ಟೂ ತನ್ನ ಅಂಗಡಿ ಗೂಗಲ್‌ನಲ್ಲಿ ಮೇಲೇರುತ್ತದೆ, ವ್ಯಾಪಾರ ಹೆಚ್ಚುತ್ತದೆ ಎಂದು ೨೦೧೦ರ ನವೆಂಬರ್‌ನಲ್ಲಿ ಆತ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಮುಂದೆ ನಾಚಿಕೆಯಿಲ್ಲದೆ ಕೊಚ್ಚಿಕೊಂಡ. ಶೆಪರ್ಡ್‌ನ ಪಟ್ಟಿಯಲ್ಲಿ ಒಪ್ಪಿಗೆ ಬೇರೆ, ನಿರಾಕರಣೆ ಬೇರೆ. ಕೊಂಡಿಯಲ್ಲಿ ಹೊಗಳಿಕೆಯೂ ಬೈಗುಳವೂ ನೋಡಲು ಒಂದೇ. ಬರೀ ದೂರುಗಳಿಂದಲೇ ಅಂಗಡಿ ಮೇಲೇರಿತೆಂಬುದನ್ನು ಗೂಗಲ್ ಒಪ್ಪಲಿಲ್ಲವಾದರೂ, ಡಿಸೆಂಬರ್ ೧ರಂದೇ ತನ್ನ ಲೆಕ್ಕವನ್ನು ತಿದ್ದಿ, ಇಂಥ ನೂರಾರು ವ್ಯಾಪಾರಿಗಳನ್ನು ಕೆಳಗಿಳಿಸಿರುವುದಾಗಿ ಪ್ರಕಟಿಸಿತು. ಆ ಮಾಲೀಕನಿಗೆ ಬೆದರಿಕೆ ಮತ್ತು ವಂಚನೆಯ ಅಪರಾಧಗಳಿಗಾಗಿ ೨೦೧೨ರಲ್ಲಿ ಸೆರೆವಾಸವಾಯಿತು.

ಆದರೆ ಈ ಇತಿಹಾಸದ ದೊಡ್ಡ ಅಧ್ಯಾಯ ನಡೆದದ್ದು ಇಂಥ ಪುಂಡನ ಅಂಗಡಿಯಲ್ಲಲ್ಲ, ಅಮೆರಿಕದ ಮಧ್ಯಮವರ್ಗದವರೆಲ್ಲ ಬಲ್ಲ ಹೆಸರುವಾಸಿ ಮಳಿಗೆಯಲ್ಲಿ. ಜೇಮ್ಸ್ ಕ್ಯಾಶ್ ಪೆನ್ನಿ ಎಂಬವರು ೧೯೦೨ರ ಏಪ್ರಿಲ್‌ನಲ್ಲಿ ವಯೋಮಿಂಗ್ ರಾಜ್ಯದ ಕೆಮರರ್ ಎಂಬ ಗಣಿಗಾರರ ಊರಿನಲ್ಲಿ ಅಂಗಡಿ ತೆರೆದಾಗ ಅದಕ್ಕೆ 'ಗೋಲ್ಡನ್ ರೂಲ್', ಎಂದರೆ ಸುವರ್ಣ ನಿಯಮ, ಎಂಬ ಹೆಸರಿತ್ತು. ಇತರರು ನಮ್ಮೊಡನೆ ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೇವೆಯೋ ಹಾಗೆ ನಾವು ಇತರರೊಡನೆ ನಡೆದುಕೊಳ್ಳಬೇಕೆಂಬುದೇ ಆ ನಿಯಮ. ಮುಂದೆ ಅದೇ ಜೆ. ಸಿ. ಪೆನ್ನಿ ಎಂಬ ಹೆಸರಿನಲ್ಲಿ ದೇಶದಾದ್ಯಂತ ಹಬ್ಬಿತು.

೨೦೧೦ರ ಕ್ರಿಸ್ಮಸ್ ವ್ಯಾಪಾರದ ತಿಂಗಳುಗಳಲ್ಲಿ ಈ ಮಳಿಗೆಗೆ ಅಂತರ್ಜಾಲದಲ್ಲಿ ವಿಚಿತ್ರ ಅದೃಷ್ಟ ಕೂಡಿಬಂದಿತ್ತು. ಉಡುಪು, ಹಾಸಿಗೆ, ನೆಲಹಾಸು, ಪೀಠೋಪಕರಣ, ಮೇಜುಬಟ್ಟೆ, ಹೀಗೆ ಏನನ್ನು ಹುಡುಕಿದರೂ ಮೊದಲು ಕಾಣುತ್ತಿದ್ದದ್ದು ಪೆನ್ನಿಯೇ. ಸ್ಯಾಮ್ಸೊನೈಟ್ ಕಂಪನಿಯ ಕೈಪೆಟ್ಟಿಗೆ ಹುಡುಕಿದರೂ, ಅದನ್ನು ತಯಾರಿಸುವ ಕಂಪನಿಯ ತಾಣಕ್ಕಿಂತ ಮೇಲೆ ಪೆನ್ನಿ! 'ನ್ಯೂಯಾರ್ಕ್ ಟೈಮ್ಸ್'ನ ಡೇವಿಡ್ ಸೀಗಲ್ ಎಂಬ ವರದಿಗಾರ ಪರಿಣತರೊಬ್ಬರಿಂದ ಇದನ್ನು ಪರೀಕ್ಷೆ ಮಾಡಿಸಿದರು. ಉಡುಪುಗಳಿಗೆ ಸಂಬಂಧಿಸಿದ ಪದಗಳನ್ನು ಹೊತ್ತು ನೇರವಾಗಿ ಪೆನ್ನಿಗೆ ಕರೆದೊಯ್ಯುವ ಕೊಂಡಿಗಳು ೨,೦೧೫ ಪುಟಗಳಲ್ಲಿ ಸಿಕ್ಕವು. ಅವು ಎಂಥ ತಾಣಗಳು? ನಾಯಿಗಳ ಬಗ್ಗೆ, ಗೊರಕೆಯ ಬಗ್ಗೆ, ಮೀನು ಹಿಡಿಯುವುದರ ಬಗ್ಗೆ, ಜೂಜುಕಟ್ಟೆಗಳ ಬಗ್ಗೆ ಇದ್ದವು. ಅನೇಕವು ಹೆಸರಿಗೆ ಮಾತ್ರ ಬದುಕಿದ್ದ ಪಾಳು ತಾಣಗಳು. ಗೊರಕೆಯ ಪುಟಕ್ಕೂ ಸಂಜೆಯ ಉಡುಪಿಗೂ ಏನು ನಂಟು? ಕೊಂಡಿ ಹಾಕಿದ ಕೈಗೆ ಹಣ ಸಂದಿತ್ತು ಎಂಬುದನ್ನು ಬಿಟ್ಟರೆ ಬೇರೆ ವಿವರಣೆ ತೋಚುವುದಿಲ್ಲ.

ಪತ್ರಿಕೆ ಈ ಪುರಾವೆಯನ್ನು ಗೂಗಲ್‌ನ ಮುಂದಿಟ್ಟಿತು. ಮೋಸದ ಪುಟಗಳನ್ನು ತಡೆಯುವ ವಿಭಾಗದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ನಿಯಮ ಮೀರಿದ್ದನ್ನು ಒಪ್ಪಿಕೊಂಡು ಕ್ರಮ ಕೈಗೊಂಡರು. ೨೦೧೧ರ ಫೆಬ್ರವರಿ ೧ರಂದು ೫೯ ಪದಗಳ ಹುಡುಕಾಟದಲ್ಲಿ ಪೆನ್ನಿಯ ಸರಾಸರಿ ಸ್ಥಾನ ೧.೩ ಇತ್ತು, ಫೆಬ್ರವರಿ ೧೦ರಂದು ಅದು ೫೨ಕ್ಕೆ ಇಳಿಯಿತು. ಸ್ಯಾಮ್ಸೊನೈಟ್ ಪೆಟ್ಟಿಗೆಯ ಹುಡುಕಾಟದಲ್ಲಿ ಸಂಜೆ ಏಳು ಗಂಟೆಗೆ ಮೊದಲನೆಯದಾಗಿದ್ದದ್ದು ಎರಡು ತಾಸಿನಲ್ಲಿ ೭೧ನೆಯದಾಯಿತು. ಈ ಕೊಂಡಿಗಳು ತನಗೆ ತಿಳಿಯದೆ ಬಂದವು ಎಂದು ಮಳಿಗೆ ಹೇಳಿತು. ತನಗೆ ಸಲಹೆ ನೀಡುತ್ತಿದ್ದ ಸಂಸ್ಥೆಯನ್ನು ಕೆಲಸದಿಂದ ತೆಗೆಯಿತು. ಶಿಕ್ಷೆ ಸುಮಾರು ಮೂರು ತಿಂಗಳು ನಡೆಯಿತು.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಪೆನ್ನಿಯಂಥ ದೊಡ್ಡ ಮಳಿಗೆ ಮೂರು ತಿಂಗಳು ಕಣ್ಮರೆಯಾದರೂ ಉಳಿಯುತ್ತದೆ. ಅದಕ್ಕೆ ಊರೂರಿಗೆ ಅಂಗಡಿಗಳಿದ್ದವು. ಅದೇ ಶಿಕ್ಷೆ ನನ್ನ ವಿದ್ಯಾರ್ಥಿಯ ಅಂಗಡಿಗೆ ಬಿದ್ದರೆ? ಅವನಿಗೆ ಪತ್ರಿಕೆಗಳಿಲ್ಲ, ವಕೀಲರಿಲ್ಲ. ಅವನ ಹಿಂದೆ ಇರುವುದು ಹತ್ತು ಮಗ್ಗಗಳು.

ಆ ತಿಂಗಳಿನಲ್ಲೇ 'ಓವರ್‌ಸ್ಟಾಕ್' ಎಂಬ ಇನ್ನೊಂದು ಆನ್‌ಲೈನ್ ಮಳಿಗೆಗೂ ದಂಡ ಬಿತ್ತು. ಕಾಲೇಜುಗಳ ಜಾಲತಾಣಗಳಲ್ಲಿ ತನ್ನ ವಸ್ತುಗಳಿಗೆ ಕೊಂಡಿ ಹಾಕಿದರೆ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಶೇಕಡಾ ೧೦ರಷ್ಟು ರಿಯಾಯಿತಿ ಕೊಡುವುದು ಅದರ ಉಪಾಯ. ನಗದು ಕೊಡಲಿಲ್ಲ, ನಿಜ. ಆದರೆ ರಿಯಾಯಿತಿಯೂ ಹಣವೇ. ೨೦೧೩ರ ಫೆಬ್ರವರಿಯಲ್ಲಿ ಬ್ರಿಟನ್ನಿನ 'ಇಂಟರ್‌ಫ್ಲೋರಾ' ಎಂಬ ಹೂವಿನ ವ್ಯಾಪಾರಿ ಸಂಸ್ಥೆಯ ಸರದಿ. ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಲೇಖನದ ವೇಷ ತೊಟ್ಟ ಜಾಹೀರಾತುಗಳ ಮೂಲಕ ಅದಕ್ಕೆ ಕೊಂಡಿಗಳು ಬಂದಿದ್ದವು. ಅಲ್ಲಿನ ತಾಯಂದಿರ ದಿನ ಹತ್ತಿರವಾಗಿ ಹೂವಿಗೆ ಬೇಡಿಕೆ ಏರುವ ಹೊತ್ತಿನಲ್ಲೇ ಸುಮಾರು ಹನ್ನೊಂದು ದಿನ ಅದು ಹುಡುಕಾಟದಲ್ಲಿ ಕಾಣೆಯಾಯಿತು.

ಈ ನಡುವೆ ಗೂಗಲ್ ಲೆಕ್ಕವನ್ನೇ ಬದಲಿಸತೊಡಗಿತ್ತು. ಕೊಂಡಿ ಇದ್ದರೂ ಅದನ್ನು ಸಾಕ್ಷಿಯಾಗಿ ಎಣಿಸಬಾರದೆಂದು ಸೂಚಿಸುವ 'ನೋಫಾಲೋ' ಎಂಬ ಗುರುತು ೨೦೦೫ರ ಜನವರಿಯಲ್ಲಿಯೇ ಬಂದಿತ್ತು; ಹಣ ಪಡೆದು ಹಾಕಿದ ಕೊಂಡಿಗೆ ಹಾಕಲು 'ಸ್ಪಾನ್ಸರ್ಡ್' ಎಂಬ ಪ್ರತ್ಯೇಕ ಗುರುತು ೨೦೧೯ರಲ್ಲಿ ಸೇರಿತು. ಇವೆರಡರ ನಡುವೆ, ೨೦೧೨ರ ಏಪ್ರಿಲ್ ೨೪ರಂದು, 'ಪೆಂಗ್ವಿನ್' ಎಂಬ ಹೆಸರಿನ ತಿದ್ದುಪಡಿ ಬಂದು, ಕೃತಕ ಕೊಂಡಿಗಳನ್ನು ನೆಚ್ಚಿದ್ದ ತಾಣಗಳನ್ನು ಯಂತ್ರವೇ ಗುರುತಿಸಿ ಕೆಳಗಿಳಿಸತೊಡಗಿತು. ಇಂಗ್ಲಿಷಿನ ಹುಡುಕಾಟಗಳಲ್ಲಿ ಶೇಕಡಾ ೩.೧ರಷ್ಟರ ಮೇಲೆ ಇದರ ಪರಿಣಾಮವಾಯಿತೆಂದು ಗೂಗಲ್ ಹೇಳಿತು. ಆಗ ನಡೆದದ್ದು ಪ್ರಹಸನದಂತಿದೆ. ಹಣ ಕೊಟ್ಟು ಕೊಂಡಿ ಹಾಕಿಸಿಕೊಂಡವರೇ ದಯವಿಟ್ಟು ಅವನ್ನು ತೆಗೆಯಿರೆಂದು ಮನೆಮನೆಗೆ ಪತ್ರ ಬರೆಯಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ, 'ಈ ಸಾಕ್ಷಿಗಳು ನಮ್ಮವಲ್ಲ' ಎಂದು ಅಂಗಡಿಯವರೇ ಹೇಳಿಕೊಳ್ಳಲು ಗೂಗಲ್ ಒಂದು ಸಾಧನವನ್ನೂ ಒದಗಿಸಿತು. ೨೦೧೬ರ ನಂತರ ಯಂತ್ರ ಇಂಥ ಕೊಂಡಿಗಳನ್ನು ಹೆಚ್ಚಾಗಿ ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಎಂದರೆ, ಶಿಕ್ಷೆ ಬೀಳದಿದ್ದರೂ ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇಂದು ಕೊಂಡಿ ಹಲವು ಗುರುತುಗಳಲ್ಲಿ ಒಂದು ಮಾತ್ರ. ಆದರೂ ಅದರ ಮಾನ ಪೂರ್ತಿ ಹೋಗಿಲ್ಲ.

ಹಾಗಾದರೆ ಒಳ್ಳೆಯ ಕೊಂಡಿ ಬರುವುದು ಹೇಗೆ? ಇದಕ್ಕೂ ಇತಿಹಾಸದಲ್ಲೇ ಉದಾಹರಣೆಯಿದೆ. ಅಮೆರಿಕದ ವರ್ಮಾಂಟ್ ರಾಜ್ಯದ ನಾರ್ವಿಚ್ ಎಂಬ ಊರಿನಲ್ಲಿ 'ಕಿಂಗ್ ಆರ್ಥರ್' ಎಂಬ ಹಿಟ್ಟಿನ ಕಂಪನಿಯಿದೆ. ೧೭೯೦ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಈ ಸಂಸ್ಥೆ ಈಗ ಅದರ ನೌಕರರದೇ ಒಡೆತನದಲ್ಲಿದೆ. ಅಂತರ್ಜಾಲದಲ್ಲಿ ಹಿಟ್ಟನ್ನೂ ಪಾತ್ರೆಗಳನ್ನೂ ಮಾರುತ್ತದೆ. ಜೊತೆಗೆ ಪರೀಕ್ಷಿಸಿದ ಅಡುಗೆ ವಿಧಾನಗಳನ್ನು, ಯಾವ ಪದಾರ್ಥ ಒಂದು ಬಟ್ಟಲಿಗೆ ಎಷ್ಟು ಗ್ರಾಂ ತೂಗುತ್ತದೆಂಬ ಕೋಷ್ಟಕವನ್ನು ಎಲ್ಲರಿಗೂ ತೆರೆದಿಟ್ಟಿದೆ. ರೊಟ್ಟಿ ಉಬ್ಬಲಿಲ್ಲವೆಂದು ಕೇಳಿದವರಿಗೆ ಉತ್ತರ ಕೊಡಲು ಬಲ್ಲವರನ್ನು ಕೂರಿಸಿದೆ. ಅಡುಗೆಯ ಬಗ್ಗೆ ಬರೆಯುವವರು ಅಳತೆಯ ಮಾತು ಬಂದಾಗ ಓದುಗರನ್ನು ಆ ಕೋಷ್ಟಕದತ್ತ ಕಳಿಸುವುದು ತಮ್ಮ ಓದುಗರಿಗೆ ಅನುಕೂಲವಾಗಲೆಂದೇ ಹೊರತು ಹಿಟ್ಟಿನ ವ್ಯಾಪಾರ ಬೆಳೆಯಲೆಂದಲ್ಲ. ಶೆಪರ್ಡ್‌ನ ಕಾಲದ ನ್ಯಾಯಾಧೀಶನೂ ಹಳೆಯ ತೀರ್ಪನ್ನು ಉಲ್ಲೇಖಿಸುತ್ತಿದ್ದದ್ದು ತನಗೆ ಅದರ ಆಧಾರ ಬೇಕಾಗಿದ್ದರಿಂದಲೇ.

ಎಂಟು ದಿನ ಕಳೆದು ಹುಡುಗ ಬಂದಾಗ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದ. ಕೊನೆಗೆ, "ಸರ್, ನಮ್ಮ ಹತ್ರ ಅಂಥಾದ್ದು ಬರಿಯಾಕ ಏನೈತ್ರಿ?" ಎಂದ.

ಅವನ ಕೈಚೀಲದಲ್ಲಿ ಒಂದು ಸೀರೆಯಿತ್ತು. ಅದನ್ನು ಬಿಡಿಸಿ ಸೆರಗು ಒಡಲಿಗೆ ಸೇರುವ ಜಾಗವನ್ನು ಅವನಿಗೇ ತೋರಿಸಿ, ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ ಎಂದು ಕೇಳಿದೆ. ಅವನು ನಕ್ಕುಬಿಟ್ಟ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳೂ ಸೆರಗಿನ ಹಾಸಿನ ಎಳೆಗಳೂ ಬೇರೆಬೇರೆ. ಅವನ್ನು ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ. ಆ ಜೋಡಣೆಯ ಹೆಸರೇ ಕೊಂಡಿ! ಅದನ್ನು ಹೇಗೆ ಹಾಕುತ್ತಾರೆ, ಕೊಳ್ಳುವವರು ಸೀರೆಯಲ್ಲಿ ಅದನ್ನು ಹೇಗೆ ಗುರುತಿಸಬೇಕು, ತೋಪು ತೆನೆಯ ಸೆರಗೆಂದರೇನು ಎಂಬುದನ್ನು ಅವನಷ್ಟು ಬಲ್ಲವರು ಹಣ ಕೇಳಿದ ಆ ಕಂಪನಿಯಲ್ಲಿ ಇರಲಾರರು. "ಇದನ್ನ ಚಿತ್ರ ಸಮೇತ ಬರಿ. ನಿಮ್ಮ ಅವ್ವನ್ನ ಕೇಳಿ ಬರಿ. ತಪ್ಪಿಲ್ಲದಂಗ ಬರಿ" ಎಂದೆ.

ಹದಿನೈದು ಸಾವಿರ ಮಗ್ಗದವರಿಗೆ ಸಂದಿತು. ಅವನು ಎರಡು ತಿಂಗಳು ಕಷ್ಟಪಟ್ಟು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಆ ಪುಟ ಬರೆದ. ಕನ್ನಡದ ಕಾಗುಣಿತ ತಿದ್ದಿದ್ದು ನಾನು. ಇತ್ತೀಚೆಗೆ ಜವಳಿ ವಿಷಯ ಕಲಿಸುವ ಅಧ್ಯಾಪಕಿಯೊಬ್ಬರು ತಮ್ಮ ವಿದ್ಯಾರ್ಥಿಗಳಿಗಾಗಿ ಮಾಡಿದ ಪುಟದಿಂದ ಅದಕ್ಕೆ ಕೊಂಡಿ ಹಾಕಿದ್ದಾರಂತೆ. ಯಾರೂ ಕೇಳಿರಲಿಲ್ಲ, ಯಾರೂ ಹಣ ಕೊಟ್ಟಿರಲಿಲ್ಲ. ಅಂಗಡಿ ಇನ್ನೂ ಮೊದಲನೆಯ ಪುಟಕ್ಕೆ ಬಂದಿಲ್ಲ. ಬರುತ್ತದೆಂದು ಭರವಸೆ ಕೊಡಲು ನಾನು ಆ ಕಂಪನಿಯವನೂ ಅಲ್ಲ. ಆದರೆ ಯಾವುದೋ ತಿದ್ದುಪಡಿ ಬಂದ ರಾತ್ರಿ ಅವನು ನಿದ್ದೆಗೆಡಬೇಕಾಗಿಲ್ಲ.